ನೀತಿಯ ಬಗ್ಗೆ ಬರೆಯುವ ಮುನ್ನ ನಾನು ಏನು ಮಾಡುತ್ತೇನೆ

ಸರ್ಕಾರದ ಹೊಸ ನೀತಿ ಹೊರಬಿದ್ದ ದಿನವೇ ಅರ್ಥಶಾಸ್ತ್ರ ಬಲ್ಲವರಿಂದ ಜನ ಅಭಿಪ್ರಾಯ ಕೇಳುತ್ತಾರೆ. ಒಳ್ಳೆಯದಾ, ಕೆಟ್ಟದ್ದಾ, ಒಂದೇ ಮಾತಲ್ಲಿ ಹೇಳಿ ಅಂತಾರೆ. ನಾನು ಆ ದಿನ ಬರೆಯುವುದಿಲ್ಲ. ಮೊದಲು ಆದೇಶವನ್ನೇ ಪೂರ್ತಿ ಓದುತ್ತೇನೆ. ಪತ್ರಿಕಾ ಹೇಳಿಕೆಯಲ್ಲಿ ಸಿಗುವುದು ಉದ್ದೇಶ ಮಾತ್ರ. ಯಾರಿಗೆ ಅನ್ವಯ, ಯಾರಿಗೆ ವಿನಾಯಿತಿ, ಯಾವ ತಾರೀಖಿನಿಂದ ಜಾರಿ ಅನ್ನುವುದೆಲ್ಲ ಆದೇಶದಲ್ಲಿರುತ್ತದೆ. ವಿನಾಯಿತಿಯ ಸಾಲುಗಳಿಗೆ ನಾನು ಜಾಸ್ತಿ ಸಮಯ ಕೊಡುತ್ತೇನೆ. ನೀತಿ ತಟ್ಟಿದವರನ್ನು ತಟ್ಟದವರ ಜೊತೆ ಹೋಲಿಸಿ ನೋಡಲು ದಾರಿ ಸಿಗುವುದು ಅಲ್ಲೇ.

ಆ ಹೋಲಿಕೆ ಇಲ್ಲದಿದ್ದರೆ ನಾನು ಬರೆಯಲು ಕೂರುವುದೇ ಇಲ್ಲ. ನೀತಿ ಬಂತು, ಆಮೇಲೆ ಬೆಲೆ ಏರಿತು ಅಂದರೆ ಸಾಲದು. ನೀತಿ ಬರದಿದ್ದರೂ ಏರುತ್ತಿತ್ತೇನೋ, ಅಲ್ವಾ?

ಬಾಡಿಗೆ ನಿಯಂತ್ರಣದ ಬಗ್ಗೆ, ಅಂದರೆ ಮಾಲೀಕರು ಬಾಡಿಗೆಯನ್ನು ಎಷ್ಟು ಏರಿಸಬಹುದು ಅನ್ನುವುದಕ್ಕೆ ಸರ್ಕಾರ ಹಾಕುವ ಮಿತಿಯ ಬಗ್ಗೆ ಬರೆಯುವಾಗ, ನನಗೆ ತುಂಬಾ ನೆರವಾದದ್ದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಕಥೆ. ಅಲ್ಲಿ ಮೊದಲು ಸಣ್ಣ ಕಟ್ಟಡಗಳಿಗೆ ವಿನಾಯಿತಿ ಇತ್ತು. 1994ರಲ್ಲಿ ಮತದಾರರು ಅದನ್ನು ತೆಗೆದರು. ಆದರೆ ನಿಯಂತ್ರಣಕ್ಕೆ ಸೇರಿದ್ದು 1980ಕ್ಕಿಂತ ಮೊದಲು ಕಟ್ಟಿದ ಮನೆಗಳು ಮಾತ್ರ. ಅಂದರೆ ಒಂದೇ ಊರು, ಒಂದೇ ಬಗೆಯ ಕಟ್ಟಡ, ಕಟ್ಟಿದ ವರ್ಷ ಮಾತ್ರ ಬೇರೆ. ರೆಬೆಕಾ ಡೈಮಂಡ್, ಟಿಮ್ ಮೆಕ್‌ಕ್ವೇಡ್, ಫ್ರಾಂಕ್ಲಿನ್ ಚಿಯಾನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಇದನ್ನೇ ಹಿಡಿದು ಅಧ್ಯಯನ ಮಾಡಿ 2019ರಲ್ಲಿ ಪ್ರಕಟಿಸಿದರು. ನಿಯಂತ್ರಣಕ್ಕೆ ಒಳಪಟ್ಟ ಮನೆಗಳ ಬಾಡಿಗೆದಾರರು ಅದೇ ವಿಳಾಸದಲ್ಲಿ ಉಳಿಯುವ ಸಾಧ್ಯತೆ ಹೆಚ್ಚಾಯಿತು. ಇನ್ನೊಂದು ಕಡೆ, ಆ ಕಟ್ಟಡಗಳ ಮಾಲೀಕರು ಮನೆಗಳನ್ನು ಮಾರಾಟದ ಫ್ಲ್ಯಾಟ್ ಮಾಡಿದರು, ಕೆಡವಿ ಹೊಸದು ಕಟ್ಟಿದರು. ಅವರು ಬಾಡಿಗೆಗೆ ಕೊಡುವ ಮನೆಗಳು ಶೇ. 15ರಷ್ಟು ಕಡಿಮೆಯಾದವು. ಇದರಿಂದ ಇಡೀ ನಗರದ ಬಾಡಿಗೆ ಸುಮಾರು ಶೇ. 5 ಏರಿತು ಅನ್ನುವುದು ಅವರ ಅಂದಾಜು.

ಈ ಅಧ್ಯಯನವನ್ನು ಬಾಡಿಗೆ ನಿಯಂತ್ರಣ ಬೇಕು ಅನ್ನುವವರೂ ಬೇಡ ಅನ್ನುವವರೂ ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ಒಬ್ಬರು ಮೊದಲರ್ಧ ಮಾತ್ರ ಹೇಳುತ್ತಾರೆ, ಇನ್ನೊಬ್ಬರು ಎರಡನೆಯ ಅರ್ಧ ಮಾತ್ರ. ನಾನು ಎರಡನ್ನೂ ಒಂದೇ ಪ್ಯಾರಾದಲ್ಲಿ ಬರೆಯುತ್ತೇನೆ. ಮನೆಯಲ್ಲಿ ಈಗಾಗಲೇ ಇರುವವರಿಗೆ ನೆಮ್ಮದಿ ಸಿಕ್ಕಿತು. ನಾಳೆ ಮನೆ ಹುಡುಕಿಕೊಂಡು ಬರುವವರ ಮೇಲೆ ಹೊರೆ ಬಿತ್ತು. ಇಬ್ಬರಲ್ಲಿ ಯಾರ ಕಷ್ಟಕ್ಕೆ ಎಷ್ಟು ಬೆಲೆ ಕೊಡಬೇಕು ಅನ್ನುವುದನ್ನು ಯಾವ ಅಂಕಿಯೂ ಹೇಳುವುದಿಲ್ಲ. ಅಲ್ಲಿಂದ ಮುಂದೆ ಬರುವುದು ನನ್ನ ಒಲವು. ಹಾಗಾಗಿ ಅಲ್ಲಿ 'ನನ್ನ ಪ್ರಕಾರ' ಅಂತ ಬರೆದೇ ಮುಂದುವರಿಯುತ್ತೇನೆ. ನನ್ನ ಪ್ರಕಾರ, ಮನೆ ಇನ್ನೂ ಸಿಗದವರ ಪರವಾಗಿ ಮಾತಾಡುವವರು ತೀರಾ ಕಡಿಮೆ. ಅವರ ಲೆಕ್ಕ ಹಿಡಿಯುವುದು ನಮ್ಮಂಥವರ ಹೊಣೆ.

ಕನಿಷ್ಠ ಕೂಲಿಯ ವಿಷಯದಲ್ಲೂ ಹೀಗೇ. 1992ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಗಂಟೆಯ ಕೂಲಿಯನ್ನು 4.25 ಡಾಲರ್‌ನಿಂದ 5.05ಕ್ಕೆ ಏರಿಸಿತು, ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಆಲನ್ ಕ್ರೂಗರ್ ಎರಡೂ ಕಡೆಯ ಫಾಸ್ಟ್‌ಫುಡ್ ಅಂಗಡಿಗಳನ್ನು ಹೋಲಿಸಿದಾಗ, ಕೂಲಿ ಏರಿದ ಕಡೆ ಕೆಲಸ ಕಡಿಮೆಯಾದ ಲಕ್ಷಣ ಕಾಣಲಿಲ್ಲ. ಬೇರೆ ಅಂಕಿಅಂಶ ಹಿಡಿದು ಇದನ್ನು ಪ್ರಶ್ನಿಸಿದವರೂ ಇದ್ದಾರೆ. ಇದನ್ನು ಉಲ್ಲೇಖಿಸುವಾಗ ಏರಿಕೆ ಎಷ್ಟು ಅನ್ನುವುದನ್ನು ಬಿಡದೆ ಬರೆಯುತ್ತೇನೆ. ಹತ್ತೊಂಬತ್ತು ಪರ್ಸೆಂಟ್ ಏರಿಕೆಯಿಂದ ಕಲಿತದ್ದನ್ನು ಕೂಲಿ ದುಪ್ಪಟ್ಟಾಗುವ ಕಡೆ ಸುಮ್ನೆ ಅಂಟಿಸಲು ಬರುವುದಿಲ್ಲ.

ಕರಡು ಮುಗಿದ ಮೇಲೆ, ನನ್ನ ನಿಲುವನ್ನು ಒಪ್ಪದ ಒಬ್ಬರಿಗೆ ಕಳಿಸುತ್ತೇನೆ. ಒಪ್ಪುವವರು ಹೊಗಳುತ್ತಾರೆ, ಅದರಿಂದ ಬರಹ ಸುಧಾರಿಸುವುದಿಲ್ಲ. ಒಪ್ಪದವರನ್ನು ನಾನು ಕೇಳುವುದು ಒಂದೇ: ನಿಮ್ಮ ವಾದವನ್ನು ನಾನು ಬರೆದಿರುವ ರೀತಿ ನೀವೇ ಹೇಳಿದಂತಿದೆಯಾ? ಇಲ್ಲ ಅಂದರೆ ಆ ಪ್ಯಾರಾವನ್ನು ಮತ್ತೆ ಬರೆಯುತ್ತೇನೆ. ನನ್ನ ವಾದವನ್ನು ತಿದ್ದುವುದು ಆಮೇಲೆ.

ಕೊನೆಗೆ, ಯಾವ ಅಂಕಿ ಬಂದರೆ ನನ್ನ ಅಭಿಪ್ರಾಯ ಬದಲಾಗುತ್ತದೆ ಅನ್ನುವುದನ್ನು ಬರಹದ ಒಳಗೇ ಒಂದು ಸಾಲಿನಲ್ಲಿ ಸೇರಿಸುತ್ತೇನೆ. ಆ ಅಂಕಿ ಹೊರಬಂದಾಗ, ನನಗೆ ಅನುಕೂಲವಾಗಿದ್ದರೂ ಇಲ್ಲದಿದ್ದರೂ, ಅದೇ ವಿಷಯದ ಮುಂದಿನ ಬರಹವನ್ನು ಅಲ್ಲಿಂದಲೇ ಶುರು ಮಾಡುತ್ತೇನೆ.