ಸರ್ವರ್ ಮಾಡುವ ಮುನ್ನ ಕಂಪ್ಯೂಟರ್ ಸಜ್ಜುಗೊಳಿಸುವುದು ಹೇಗೆ?

ಸರ್ವರ್‌ಗೆ ಹಾಕುವ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಉಬುಂಟು ಸರ್ವರ್ ಆಗಲಿ, ಡೆಬಿಯನ್ ಆಗಲಿ, ಇನ್‌ಸ್ಟಾಲ್ ಆಗಲು ಬಹಳ ಹೊತ್ತು ಬೇಕಿಲ್ಲ. ಆದರೆ ಸರ್ವರ್ ಎಂದ ಮೇಲೆ ಅದು ತಿಂಗಳುಗಟ್ಟಲೆ ಆಫ್ ಆಗದೆ ಓಡಬೇಕು. ಮೇಜಿನ ಮೇಲಿನ ಕಂಪ್ಯೂಟರ್ ಹ್ಯಾಂಗ್ ಆದರೆ ರೀಸ್ಟಾರ್ಟ್ ಮಾಡಿ ಸುಮ್ಮನಾಗುತ್ತೇವೆ. ಸರ್ವರ್ ಹ್ಯಾಂಗ್ ಆದರೆ ಅದನ್ನು ನೆಚ್ಚಿಕೊಂಡ ಎಲ್ಲರ ಕೆಲಸವೂ ನಿಲ್ಲುತ್ತದೆ. ಹಾಗಾಗಿ ಹಳೆಯ ಡೆಸ್ಕ್‌ಟಾಪನ್ನು ಸರ್ವರ್ ಮಾಡಹೊರಟವರು ಒಂದು ದಿನವನ್ನು ತಪಾಸಣೆಗೇ ಮೀಸಲಿಡಿ.

ಮೊದಲ ಕೆಲಸ ಬ್ಯಾಕಪ್. ಇನ್‌ಸ್ಟಾಲರ್ ಸಾಮಾನ್ಯವಾಗಿ ಇಡೀ ಡಿಸ್ಕನ್ನು ಅಳಿಸಿಯೇ ಮುಂದುವರಿಯುತ್ತದೆ. ಬೇಕಾದ್ದನ್ನೆಲ್ಲ ಬೇರೆ ಡ್ರೈವ್‌ಗೆ ನಕಲು ಮಾಡಿ, ಅದನ್ನು ಇನ್ನೊಂದು ಕಂಪ್ಯೂಟರ್‌ಗೆ ಸಿಕ್ಕಿಸಿ ನಾಲ್ಕಾರು ಫೈಲ್ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಂಬಬೇಡಿ.

ನಂತರ ಡಿಸ್ಕ್. ಹಾರ್ಡ್ ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ. ಈ ವ್ಯವಸ್ಥೆಯ ಹೆಸರು ಸ್ಮಾರ್ಟ್. ವಿಂಡೋಸ್ ಇನ್ನೂ ಇರುವಾಗಲೇ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ತಂತ್ರಾಂಶ ತೆರೆದರೆ ಆ ಪಟ್ಟಿ ಕಾಣುತ್ತದೆ. ಎರಡು ಸಾಲು ಹುಡುಕಿ: ರೀಅಲೊಕೇಟೆಡ್ ಸೆಕ್ಟರ್ಸ್ ಮತ್ತು ಕರೆಂಟ್ ಪೆಂಡಿಂಗ್ ಸೆಕ್ಟರ್. ಸೆಕ್ಟರ್ ಎಂದರೆ ಡಿಸ್ಕಿನಲ್ಲಿ ಡೇಟಾ ಕೂರುವ ಪುಟ್ಟ ಜಾಗ. ಕೆಟ್ಟುಹೋದ ಎಷ್ಟು ಸೆಕ್ಟರ್‌ಗಳ ಜಾಗಕ್ಕೆ ಮೀಸಲು ಸೆಕ್ಟರ್ ಬಂದಿದೆ ಎಂಬುದನ್ನು ಮೊದಲನೆಯದು ಹೇಳುತ್ತದೆ. ಸರಿಯಾಗಿ ಓದಲಾಗದೆ ಬಾಕಿ ಉಳಿದವು ಎಷ್ಟು ಎಂಬುದನ್ನು ಎರಡನೆಯದು. ಎರಡೂ ಸೊನ್ನೆ ಇರಬೇಕು. ಸೊನ್ನೆಗಿಂತ ಹೆಚ್ಚಿದ್ದು, ದಿನದಿಂದ ದಿನಕ್ಕೆ ಏರುತ್ತಿದ್ದರೆ ಆ ಡಿಸ್ಕ್ ಸರ್ವರ್‌ಗೆ ಬೇಡವೇ ಬೇಡ. ಎರಡು ಡಿಸ್ಕ್ ಹಾಕಿ, ಒಂದರಲ್ಲಿ ಬರೆದದ್ದೇ ಇನ್ನೊಂದರಲ್ಲೂ ಇರುವಂತೆ ರೈಡ್-1 ಮಾಡಿಕೊಂಡರೆ ಒಂದು ಕೈಕೊಟ್ಟರೂ ಕೆಲಸ ನಡೆಯುತ್ತದೆ, ನಿಜ. ಆದರೆ ಕಣ್ತಪ್ಪಿ ಅಳಿಸಿದ ಫೈಲ್ ಎರಡರಿಂದಲೂ ಹೋಗುತ್ತದೆ. ರೈಡ್ ಇದ್ದರೂ ಬ್ಯಾಕಪ್ ಬೇಕೇ ಬೇಕು.

ಜನ ಹೆಚ್ಚಾಗಿ ಮರೆಯುವುದು ರ್‍ಯಾಮ್. ದೋಷವಿರುವ ರ್‍ಯಾಮ್ ಸದ್ದಿಲ್ಲದೆ ತಪ್ಪು ಡೇಟಾವನ್ನು ಡಿಸ್ಕ್‌ಗೆ ಬರೆಸುತ್ತದೆ, ಅಲ್ಲಿಂದ ಅದು ಬ್ಯಾಕಪ್‌ಗೂ ಸೇರುತ್ತದೆ. ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ಲಸ್ ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿ ಬೂಟ್ ಮಾಡಿ, ರಾತ್ರಿಯಿಡೀ ಓಡಲು ಬಿಡಿ. ಬೆಳಗ್ಗೆ ಒಂದೇ ಒಂದು ಎರರ್ ಕಂಡರೂ ಅಲಕ್ಷಿಸಬೇಡಿ. ಒಂದೊಂದೇ ಸ್ಟಿಕ್ ಇಟ್ಟು ಮತ್ತೆ ಪರೀಕ್ಷಿಸಿದರೆ ಕೆಟ್ಟದ್ದು ಯಾವುದೆಂದು ಗೊತ್ತಾಗುತ್ತದೆ. ಕ್ಯಾಬಿನೆಟ್ ತೆರೆದಾಗಲೇ ಫ್ಯಾನ್‌ಗಳ ದೂಳನ್ನೂ ತೆಗೆಯಿರಿ.

ಈಗ ಬಯೋಸ್, ಅಂದರೆ ಕಂಪ್ಯೂಟರ್ ಆನ್ ಆದೊಡನೆ ಮೊದಲು ಓಡುವ ಮದರ್‌ಬೋರ್ಡಿನ ತಂತ್ರಾಂಶದ ಸೆಟ್ಟಿಂಗ್. ಬೂಟ್ ಮೋಡ್ ಹೊಸ ಪದ್ಧತಿಯಾದ ಯುಇಎಫ್‌ಐ ಇರಲಿ. ಹಳೆಯ ಬೂಟ್ ಪದ್ಧತಿಯ ಜತೆ ಬರುವ, ಡಿಸ್ಕನ್ನು ಭಾಗ ಮಾಡುವ ಎಂಬಿಆರ್ ವಿಧಾನಕ್ಕೆ 2 ಟಿಬಿಗಿಂತ ದೊಡ್ಡ ಡಿಸ್ಕ್ ಪೂರ್ತಿ ದಕ್ಕುವುದಿಲ್ಲ. ಡಿಸ್ಕ್ ಜತೆ ಕಂಪ್ಯೂಟರ್ ಮಾತಾಡುವ ರೀತಿಯನ್ನು ನಿರ್ಧರಿಸುವ ಸಾಟಾ ಮೋಡನ್ನು ಎಎಚ್‌ಸಿಐ ಮಾಡಿ. ಕರೆಂಟ್ ಹೋಗಿ ಬಂದಾಗ ತಾನಾಗಿಯೇ ಆನ್ ಆಗುವ ಆಯ್ಕೆ ಪವರ್ ಮೆನುವಿನಲ್ಲಿ ಇರುತ್ತದೆ, ಅದನ್ನು ತಪ್ಪದೆ ಹಾಕಿ. ದಿನಾಂಕ, ಸಮಯ ಪದೇಪದೇ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡ್ ಮೇಲಿನ ಬಟನ್ ಸೆಲ್ ಬದಲಿಸಿ. ಅದು ಸಾಮಾನ್ಯವಾಗಿ ಸಿಆರ್2032.

ಆಪರೇಟಿಂಗ್ ಸಿಸ್ಟಮ್‌ನ ಇನ್‌ಸ್ಟಾಲರ್ ಇರುವ ಐಎಸ್‌ಒ ಫೈಲನ್ನು ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ಉಬುಂಟು ಆದರೆ 5 ವರ್ಷ ಸೆಕ್ಯುರಿಟಿ ಅಪ್‌ಡೇಟ್ ಸಿಗುವ ಎಲ್‌ಟಿಎಸ್ ಆವೃತ್ತಿಯೇ ಸರಿ. ಜತೆಗೆ ಕೊಟ್ಟಿರುವ 64 ಅಕ್ಷರಗಳ ಎಸ್‌ಎಚ್‌ಎ-256 ಚೆಕ್‌ಸಮ್ (ಫೈಲ್ ಸರಿಯಾಗಿ ಇಳಿದಿದೆಯೇ ಎಂದು ತಿಳಿಸುವ ಗುರುತು) ನಿಮ್ಮ ಫೈಲಿನದಕ್ಕೆ ಹೊಂದುತ್ತದೆಯೇ ನೋಡಿ. ಒಂದು ಅಕ್ಷರ ಬೇರೆಯಾದರೂ ಮತ್ತೆ ಇಳಿಸಿ. ರೂಫಸ್ ಎಂಬ ತಂತ್ರಾಂಶದ ಮೂಲಕ ಐಎಸ್‌ಒವನ್ನು 8 ಜಿಬಿ ಪೆನ್‌ಡ್ರೈವ್‌ಗೆ ಬರೆಯಿರಿ, ಅದರಲ್ಲಿದ್ದ ಹಳೆಯದೆಲ್ಲ ಅಳಿಯುತ್ತದೆ.

ವೈಫೈ ಬಿಟ್ಟು ಲ್ಯಾನ್ ಕೇಬಲ್ ಸಿಕ್ಕಿಸಿ. ನೆಟ್‌ವರ್ಕ್ ಕಾರ್ಡಿನ ಗುರುತಾದ ಮ್ಯಾಕ್ ವಿಳಾಸ ಬರೆದುಕೊಂಡು, ರೌಟರ್‌ನಲ್ಲಿ ಅದಕ್ಕೊಂದು ಖಾಯಂ ಐಪಿ, ಅಂದರೆ ನೆಟ್‌ವರ್ಕ್‌ನಲ್ಲಿನ ವಿಳಾಸ, ಕಾದಿರಿಸಿ. ಮುಂದೆ ಮಾನಿಟರ್ ಇಲ್ಲದೆ ಬೇರೆ ಕಂಪ್ಯೂಟರಿನಿಂದ ಎಸ್‌ಎಸ್‌ಎಚ್ ಮೂಲಕ ಒಳಹೋಗಲು ಬೇಕಾಗುವುದು ಈ ಐಪಿ ವಿಳಾಸವೇ.

ಕೊನೆಯದಾಗಿ, ಸಿಸ್ಟಮ್ ಕೂರಬೇಕಾದ ಡಿಸ್ಕ್ ಒಂದನ್ನು ಬಿಟ್ಟು ಉಳಿದ ಡಿಸ್ಕ್‌ಗಳ ಕೇಬಲ್ ಕಿತ್ತಿಡಿ. ಇನ್‌ಸ್ಟಾಲರ್ ಪಟ್ಟಿಯಲ್ಲಿ ಒಂದೇ ಹೆಸರು ಕಂಡರೆ ತಪ್ಪು ಡಿಸ್ಕ್ ಅಳಿಸುವ ಭಯವಿಲ್ಲ. ಬ್ಯಾಕಪ್ ಡ್ರೈವ್‌ಗೂ ಇದೇ ನಿಯಮ. ಬಳಿಕ ಪೆನ್‌ಡ್ರೈವ್ ಹಾಕಿ ಕಂಪ್ಯೂಟರ್ ಆನ್ ಮಾಡಿ, ಬೂಟ್ ಮೆನುವಿನಲ್ಲಿ ಯುಇಎಫ್‌ಐ ಎಂದು ಶುರುವಾಗುವ ಪೆನ್‌ಡ್ರೈವ್ ಸಾಲನ್ನೇ ಆರಿಸಿ.