ಕಂಬಳಿ, ಬುಟ್ಟಿ, ಕಸೂತಿ: ಕೈಕಸುಬಿಗೆ ಸಾಲ ತೆಗೆಯುವುದು ಹೇಗೆ?

ಚಳ್ಳಕೆರೆ ಕಡೆ ಕಂಬಳಿ ನೇಯುವವರಿಗೆ ಉಣ್ಣೆ ಕತ್ತರಿಸುವ ಹೊತ್ತಿನಲ್ಲಿ ದುಡ್ಡು ಬೇಕು. ಆಗ ಕೈಯಲ್ಲಿ ಕಾಸಿದ್ದರೆ ಒಳ್ಳೆ ಉಣ್ಣೆ ಆರಿಸಿಕೊಳ್ಳಬಹುದು. ಇಲ್ಲದಿದ್ದರೆ ಉಣ್ಣೆಯನ್ನು ಉದ್ರಿ ಕೊಟ್ಟವನೇ ಕಂಬಳಿಯ ಬೆಲೆಯನ್ನೂ ಹೇಳುತ್ತಾನೆ. ಮೊಳಕಾಲ್ಮೂರಿನಲ್ಲಿ ರೇಷ್ಮೆ, ಜರಿಯನ್ನು ಉದ್ರಿ ತಂದವರ ಪಾಡೂ ಇದೇ. ಹಾಗಾಗಿ ಎಷ್ಟು ಸಾಲ ಸಿಗುತ್ತದೆ ಅಂತ ವಿಚಾರಿಸುವ ಮೊದಲು, ಯಾವ ತಿಂಗಳಲ್ಲಿ ಯಾತಕ್ಕೆ ಬೇಕು ಅಂತ ಬರೆದಿಟ್ಟುಕೊಳ್ಳಿ.

ಮೊದಲು ಕೂಲಿ ಲೆಕ್ಕ

ಒಂದು ಕಂಬಳಿಯ ಲೆಕ್ಕ ಹಾಕೋಣ. ಅಂಕಿಗಳು ಅರ್ಥವಾಗಲಿ ಅಂತ ಅಷ್ಟೇ, ನಿಮ್ಮ ಊರಿನ ದರ ನೀವು ಹಾಕಿಕೊಳ್ಳಿ. ಉಣ್ಣೆಗೆ 500 ರೂಪಾಯಿ. ಹುಣಸೆ ಬೀಜದ ಗಂಜಿ, ಇತರೆ ಖರ್ಚು 50. ನೂಲಲು 3 ದಿನ, ನೇಯಲು 2 ದಿನ. ದಿನಕ್ಕೆ 400ರಂತೆ ಕೂಲಿ 2,000. ಒಟ್ಟು 2,550. ಅದನ್ನು ಸಂತೆಯಲ್ಲಿ 1,800ಕ್ಕೆ ಕೊಟ್ಟರೆ ಕೂಲಿ ದಿನಕ್ಕೆ 250ಕ್ಕೆ ಇಳಿಯಿತು.

ಎಷ್ಟೋ ಮನೆಗಳಲ್ಲಿ ಆ 3 ದಿನದ ನೂಲುವ ಕೆಲಸ ಲೆಕ್ಕಕ್ಕೇ ಬರುವುದಿಲ್ಲ. ಅದು ಹೆಂಗಸರು ಅಡುಗೆ, ನೀರು, ಮಕ್ಕಳ ನಡುವೆ ಮಾಡುವ ಕೆಲಸ ಅಲ್ವಾ! ಅದನ್ನು ಬಿಟ್ಟು ಲೆಕ್ಕ ಹಾಕಿದರೆ ಲಾಭ ಬಂದಂತೆ ಕಾಣುತ್ತದೆ, ಸಾಲದ ಕಂತು ಕಟ್ಟುವಾಗ ನಿಜ ಗೊತ್ತಾಗುತ್ತದೆ. ಕೂಲಿ ಗಿಟ್ಟದಿದ್ದರೆ ಮೊದಲು ಬೆಲೆ ಅಥವಾ ಮಾರುವ ಜಾಗ ಬದಲಿಸಿ. ಸಾಲದ ಮಾತು ಆಮೇಲೆ.

ಯಾರಿಗೆ ಯಾವ ಸಾಲ

2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಕುಂಬಾರಿಕೆ, ಬಡಗಿ ಕೆಲಸ, ಕಮ್ಮಾರಿಕೆ, ಕಲ್ಲು ಕೆತ್ತನೆ, ಚಪ್ಪಲಿ ಹೊಲಿಗೆ, ಗೊಂಬೆ ತಯಾರಿ, ಬುಟ್ಟಿ, ಚಾಪೆ, ಪೊರಕೆ ಕೆಲಸ ಎಲ್ಲಾ ಬರುತ್ತವೆ. ಗಮನಿಸಿ, ಮಗ್ಗ ಅದರಲ್ಲಿಲ್ಲ. ನೇಕಾರರು ಅಲ್ಲಿ ಅರ್ಜಿ ಹಾಕಿ ಸುಮ್ನೆ ದಿನ ಕಳೆಯಬೇಡಿ.

ಪಟ್ಟಿಯಲ್ಲಿರುವವರು ಆಧಾರ್, ಮೊಬೈಲ್, ಪಾಸ್‌ಬುಕ್, ಪಡಿತರ ಚೀಟಿ ಹಿಡಿದು ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋಗಿ. ಮನೆಗೆ ಒಬ್ಬರಿಗೆ ಮಾತ್ರ ಅವಕಾಶ, ವಯಸ್ಸು 18 ತುಂಬಿರಬೇಕು. ಅರ್ಜಿ ಗ್ರಾಮ ಪಂಚಾಯಿತಿ ಅಥವಾ ನಗರ ಸ್ಥಳೀಯ ಸಂಸ್ಥೆಯ ಪರಿಶೀಲನೆ ದಾಟಿ ಜಿಲ್ಲಾ ಸಮಿತಿಗೆ ಹೋಗುತ್ತದೆ. ತರಬೇತಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ. ಸಲಕರಣೆಗೆ 15,000 ರೂಪಾಯಿವರೆಗೆ ಇ-ವೋಚರ್, ಅಂದರೆ ಸಲಕರಣೆ ಕೊಳ್ಳಲು ಡಿಜಿಟಲ್ ಕೂಪನ್. ಸಾಲ ಮೊದಲ ಕಂತಿನಲ್ಲಿ 1 ಲಕ್ಷದವರೆಗೆ, 18 ತಿಂಗಳ ಅವಧಿಗೆ, 5% ಬಡ್ಡಿಗೆ, ಅಡಮಾನ ಇಲ್ಲದೆ. ಪೂರ್ತಿ 1 ಲಕ್ಷ ತೆಗೆದರೆ ತಿಂಗಳಿಗೆ ಸುಮಾರು 5,780 ರೂಪಾಯಿ ಕಟ್ಟಬೇಕು, ಬಡ್ಡಿ ಒಟ್ಟು 4,000ದ ಆಸುಪಾಸು. ಊರಲ್ಲಿ ತಿಂಗಳಿಗೆ ನೂರಕ್ಕೆ ಮೂರರಂತೆ ತಂದರೆ ವರ್ಷಕ್ಕೆ 36%. ಆದರೂ ಕೊಡುತ್ತಾರೆ ಅಂತ ಪೂರ್ತಿ ತೆಗೆಯಬೇಡಿ. ಬುಟ್ಟಿ ಹೆಣೆಯುವವರಿಗೆ ಬಿದಿರು ಕೊಳ್ಳಲು 30,000 ಸಾಕಾದರೆ ಅಷ್ಟೇ ಕೇಳಿ.

ನೇಕಾರರಿಗೆ ಬೇರೆ ದಾರಿಯಿದೆ. ನೇಕಾರರ ಮುದ್ರಾ ಸಾಲಕ್ಕೆ ಬಡ್ಡಿ 6%. ಜಿಲ್ಲೆಯ ಕೈಮಗ್ಗ ಮತ್ತು ಜವಳಿ ಇಲಾಖೆ ಕಚೇರಿಯಲ್ಲಿ ಮೊದಲು ವಿಚಾರಿಸಿ, ಆಮೇಲೆ ಬ್ಯಾಂಕಿಗೆ ಹೋಗಿ. ದಾವಣಗೆರೆ ಸುತ್ತಿನ ತಾಂಡಾಗಳಲ್ಲಿ ಕಸೂತಿ ಮಾಡುವ ಲಂಬಾಣಿ ಹೆಂಗಸರು ಕೇಂದ್ರ ಜವಳಿ ಸಚಿವಾಲಯದ ಕರಕುಶಲ ವಿಭಾಗ ಕೊಡುವ ‘ಪೆಹಚಾನ್’ ಗುರುತಿನ ಚೀಟಿ ಮಾಡಿಸಿಕೊಳ್ಳಲಿ. ಮೇಳದಲ್ಲಿ ಮಳಿಗೆ ಕೇಳುವಾಗ ಅದು ಬೇಕಾಗುತ್ತದೆ.

ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆಯನ್ನು ಸರ್ಕಾರದಲ್ಲಿ ದಾಖಲಿಸುವುದು, ಎಲ್ಲರಿಗೂ ಉಪಯೋಗ. ಸರ್ಕಾರಿ ಪೋರ್ಟಲ್‌ನಲ್ಲಿ ಅದು ಪೂರ್ತಿ ಉಚಿತ. ಅದಕ್ಕೆ ಶುಲ್ಕ ಕೇಳುವ ವೆಬ್‌ಸೈಟುಗಳೂ ಇವೆ, ಹುಷಾರು.

ಒಬ್ಬರೇ ಹೋಗಲು ಹಿಂಜರಿಕೆಯೇ?

ಹೆಸರಿನಲ್ಲಿ ಜಮೀನೂ ಇಲ್ಲ, ಹಳೆಯ ಸಾಲದ ದಾಖಲೆಯೂ ಇಲ್ಲ ಅನ್ನುವ ಹೆಂಗಸರಿಗೆ ಸ್ವಸಹಾಯ ಸಂಘವೇ ಸುಲಭ. ನಮ್ಮ ರಾಜ್ಯದಲ್ಲಿ ಇದು ಗ್ರಾಮೀಣ ಜೀವನೋಪಾಯ ಯೋಜನೆಯಾದ ‘ಸಂಜೀವಿನಿ’ ಅಡಿ ನಡೆಯುತ್ತದೆ. ತಪ್ಪದೆ ಸಭೆ, ತಪ್ಪದೆ ಉಳಿತಾಯ, ಸದಸ್ಯರ ನಡುವೆಯೇ ಸಾಲ, ಹೊತ್ತಿಗೆ ಸರಿಯಾಗಿ ಮರುಪಾವತಿ, ಸರಿಯಾದ ಲೆಕ್ಕಪುಸ್ತಕ: ಬ್ಯಾಂಕಿನವರು ನೋಡುವುದು ಈ ಐದನ್ನು. ನನ್ನ ಪ್ರಕಾರ ಇದರಲ್ಲಿ ಲೆಕ್ಕಪುಸ್ತಕವೇ ಮುಖ್ಯ. ಸದಸ್ಯರ ಹೆಸರಲ್ಲಿ ಬಂದ ಸಾಲ ಗಂಡನ ಬೈಕ್ ಕಂತಿಗೆ ಹೋದರೆ ಪುಸ್ತಕದಲ್ಲಿ ಕಂಡೇ ಕಾಣುತ್ತದೆ.

ಮಾರುವ ಕಡೆ

ಮೊಳಕಾಲ್ಮೂರು ಸೀರೆಗೆ ಜಿಐ ಗುರುತಿದೆ, ಅಂದರೆ ಇದು ಇದೇ ಊರಿನ ಮಾಲು ಅನ್ನುವ ಕಾನೂನಿನ ಗುರುತು. ಆ ಗುರುತನ್ನು ಹಾಕಿಕೊಳ್ಳಲು ಅಧಿಕೃತ ಬಳಕೆದಾರರಾಗಿ ಹೆಸರು ನೋಂದಾಯಿಸಬೇಕು. ಕಂಬಳಿಯವರು ಹಾಸಿಗೆ ಅಳತೆಯಲ್ಲೇ ನಿಲ್ಲಬೇಕಿಲ್ಲ. ಚಾಪೆ, ಚೀಲದಂಥ ಸಣ್ಣ ಮಾಲಿಗೆ ಉಣ್ಣೆ ಕಡಿಮೆ ಸಾಕು, ದುಡ್ಡೂ ಬೇಗ ತಿರುಗುತ್ತದೆ. ದೊಡ್ಡ ಆರ್ಡರ್ ಬಂದರೆ ಕನಿಷ್ಠ ಕಚ್ಚಾ ಮಾಲಿನ ಖರ್ಚಿನಷ್ಟು ಮುಂಗಡ ಕೇಳಿ, ಬಾಕಿ ಯಾವಾಗ ಅಂತ ಕಾಗದದಲ್ಲಿ ಬರೆಸಿಕೊಳ್ಳಿ.

ಸಂತೆಯಲ್ಲೂ ಕ್ಯೂಆರ್ ಕೋಡ್ ಇಟ್ಟುಕೊಳ್ಳಿ. ವಿಶ್ವಕರ್ಮದಲ್ಲಿ 2 ಲಕ್ಷದವರೆಗಿನ ಎರಡನೇ ಸಾಲ ಬೇಕಾದರೆ ಮೊದಲನೆಯದನ್ನು ಸರಿಯಾಗಿ ಕಟ್ಟಿರಬೇಕು. ಜೊತೆಗೆ ಡಿಜಿಟಲ್ ವಹಿವಾಟು ನಡೆಸಿರಬೇಕು, ಇಲ್ಲವೇ ಮುಂದುವರಿದ ತರಬೇತಿ ಮುಗಿಸಿರಬೇಕು.