ಆನೆ ಹಾವಳಿ: ಊರವರನ್ನು ಮಾತಿಗೆ ಕೂರಿಸುವ ಬಗೆ

ಆನೆ ತುಳಿದು ಜೀವ ಹೋದ ಮರುದಿನ ಜನ ಸೇರುವುದು ಪ್ರತಿಭಟನೆಗೆ. ಆ ಸಿಟ್ಟು ನ್ಯಾಯವಾದದ್ದೇ, ಆದರೆ ಸಂವಾದಕ್ಕೆ ಬೇರೆ ದಿನ ಬೇಕು. ಕೊಡಗಿನಲ್ಲಿ ಡಿಸೆಂಬರಿನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲು, ಜೂನ್‌ನಿಂದ ಆಗಸ್ಟ್‌ವರೆಗೆ ಜಡಿಮಳೆ. ಸೆಪ್ಟೆಂಬರ್ ಮೊದಲಿಗೆ ಬರುವ ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ, ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣಕ್ಕೆ ಮೊದಲು ಒಂದು ದಿನ ಗೊತ್ತು ಮಾಡಿ.

ಗೋಣಿಕೊಪ್ಪ ಕಡೆ ಭಾನುವಾರ ಸಂತೆ, ಕಾರ್ಮಿಕರು ಸಿಗುವುದಿಲ್ಲ. ತೋಟದ ಮಾಲೀಕರನ್ನು ಮೊದಲೇ ಕಂಡು, ಶನಿವಾರ ಮಧ್ಯಾಹ್ನ ಸಂಬಳ ಕಡಿಯದೆ ಬಿಡಲು ಒಪ್ಪಿಸಿ. 2 ಗಂಟೆಗೆ ಶುರು, 4ಕ್ಕೆ ಮುಗಿಯಲೇಬೇಕು. ಆನೆಯ ಬಗ್ಗೆ ಸಭೆ ಮಾಡಿ ಜನರನ್ನು ಕತ್ತಲಲ್ಲಿ ತೋಟದ ದಾರಿಗೆ ಕಳಿಸುವುದು ಸಲ್ಲದು. ದೂರದ ಹಾಡಿಗಳಿಗೆ (ಆದಿವಾಸಿಗಳ ಕೇರಿಗಳಿಗೆ) ಜೀಪು ಗೊತ್ತು ಮಾಡಿ.

ಸಾಹುಕಾರರ ಕಣದಲ್ಲಿ ಕೂತರೆ ಲೈನ್ ಮನೆಯವರು (ತೋಟದ ಸಾಲುಮನೆಗಳ ಕಾರ್ಮಿಕರು) ಬಾಯಿ ಬಿಡುವುದಿಲ್ಲ. ಶಾಲೆ ಅಥವಾ ಪಂಚಾಯಿತಿ ಸಭಾಂಗಣ ವಾಸಿ. ವೇದಿಕೆ ಬೇಡ, ಹಾರ ಬೇಡ. 40 ಜನ ಸಾಕು. ಅವರಲ್ಲಿ ಅರ್ಧದಷ್ಟಾದರೂ ದಿನವೂ ನಡೆದು ಓಡಾಡುವವರಿರಲಿ: ಕೂಲಿಯವರು, ಹಾಡಿಯ ಯರವರು, ಜೇನುಕುರುಬರು, ಮಕ್ಕಳನ್ನು ಶಾಲೆಗೆ ಬಿಡುವ ತಾಯಂದಿರು. ವಲಯ ಅರಣ್ಯಾಧಿಕಾರಿಗೆ 15 ದಿನ ಮೊದಲೇ ಪತ್ರ ಕೊಡಿ. ಬೀಟಿನ ಗಾರ್ಡ್ ಕೂಡ ಬರಲಿ, ಜಾಗದ ಅರಿವು ಅವರಿಗೇ ಹೆಚ್ಚು. ಜೋತುಬಿದ್ದ ತಂತಿಗಳ ವಿಷಯ ಬಂದೇ ಬರುತ್ತದೆ, ವಿದ್ಯುತ್ ಕಂಪನಿ ಸೆಸ್ಕ್‌ನ ಲೈನ್‌ಮನ್ ಇರಲಿ.

ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ಯರವ ಭಾಷೆ, ಅಸ್ಸಾಮಿನಿಂದ ಬಂದವರ ಹಿಂದಿ ಎಲ್ಲವೂ ಒಂದೇ ಕೋಣೆಯಲ್ಲಿ ಸೇರುತ್ತವೆ. ಮಾತು ತಿಳಿಸಿ ಹೇಳುವವರನ್ನು ಮೊದಲೇ ಹುಡುಕಿಡಿ. ತೋಟದ ರೈಟರ್‌ಗೆ ಆ ಕೆಲಸ ಒಪ್ಪಿಸಬೇಡಿ: ಹಾಜರಿ ಹಾಕುವವರ ಮುಂದೆ ಯಾರೂ ಮನಸ್ಸು ಬಿಚ್ಚುವುದಿಲ್ಲ.

ಪರಿಚಯ 10 ನಿಮಿಷಕ್ಕೆ ಮುಗಿಸಿ, ಎಂಟೆಂಟು ಜನರ ಐದು ಗುಂಪು ಮಾಡಿ. ಪ್ರತಿ ಗುಂಪಿಗೆ ಒಂದು ದೊಡ್ಡ ಚಾರ್ಟ್ ಹಾಳೆ, ಕೆಂಪು ಮತ್ತು ನೀಲಿ ಮಾರ್ಕರ್. ಲೈನ್ ಮನೆ, ಕೆರೆ, ಬಸ್ ನಿಲ್ಲುವ ಜಾಗ, ಹಣ್ಣು ಬಿಡುವ ಹಲಸಿನ ಮರಗಳು, ಕುಸಿದ ಕಂದಕ, ಕರೆಂಟ್ ಹರಿಯದ ಸೋಲಾರ್ ಬೇಲಿ, ಎಲ್ಲವನ್ನೂ ಬರೆಯಲಿ. ಆನೆ ದಾರಿ ಕೆಂಪು, ಜನರ ದಾರಿ ನೀಲಿ, ಪಕ್ಕದಲ್ಲಿ ಓಡಾಡುವ ಹೊತ್ತು. ಎರಡೂ ಕೂಡುವ ಜಾಗಕ್ಕೆ ಸುತ್ತು ಹಾಕಿ. 45 ನಿಮಿಷದಲ್ಲಿ ಇಷ್ಟಾದರೆ ‘ಆನೆ ಓಡಿಸಿ’ ಎಂಬ ಕೂಗು ‘ಈ ತಿರುವಿನಲ್ಲಿ ಪೊದೆ ಕಡಿಸಿ, ದೀಪ ಹಾಕಿ’ ಎಂಬ ಬೇಡಿಕೆಯಾಗುತ್ತದೆ. ಓದುಬರಹ ಬಾರದವರೂ ನಕ್ಷೆಯಲ್ಲಿ ಬೆರಳಿಟ್ಟು ತೋರಿಸಬಲ್ಲರು.

ಅಧಿಕಾರಿಗಳು ನಕ್ಷೆ ನೋಡಿದ ಮೇಲೆಯೇ ಮಾತಾಡಲಿ. ಮೊದಲೇ ಮೈಕ್ ಕೊಟ್ಟರೆ ಯೋಜನೆಗಳ ಪಟ್ಟಿಯಲ್ಲೇ ಹೊತ್ತು ಕಳೆಯುತ್ತದೆ.

ಸಭೆ ಹಳಿ ತಪ್ಪುವುದು ಹೆಚ್ಚಾಗಿ ಪರಿಹಾರದ ಹಣದ ಮಾತಿನಲ್ಲಿ. ಜಮ್ಮಾ (ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ) ಜಮೀನಿನ ಪಹಣಿ ಕುಟುಂಬದ ಹಿರಿಯರಾದ ಪಟ್ಟೆದಾರರ ಹೆಸರಿನಲ್ಲಿದ್ದರೆ ಅದೊಂದಕ್ಕೇ ಗಂಟೆ ಸಾಲದು. ಬಾಗಿಲ ಬಳಿ ಬೇರೆ ಮೇಜು ಹಾಕಿ, ಅರಣ್ಯ ಸಿಬ್ಬಂದಿಯೊಬ್ಬರು ಪಹಣಿ, ಬೆಳೆಹಾನಿಯ ಫೋಟೋ ನೋಡಿ ಅರ್ಜಿ ಪಡೆಯಲಿ.

ಕೊನೆಗೆ ಮೂರೋ ನಾಲ್ಕೋ ತೀರ್ಮಾನ ಸಾಕು. ಯಾರು, ಏನು, ಯಾವ ತಾರೀಕಿಗೆ ಎಂದು ಬರೆದು ಗಟ್ಟಿಯಾಗಿ ಓದಿ, ಸಹಿ ಹಾಕಿಸಿ. ಪ್ರತಿಯನ್ನು ಪಂಚಾಯಿತಿಗೆ ಕೊಡಿ. ರೇಷನ್ ಅಂಗಡಿ, ಬಸ್ ತಂಗುದಾಣ, ಲೈನ್ ಮನೆಗಳ ಗೋಡೆಗೆ ಅಂಟಿಸಿ. 30 ದಿನ ಕಳೆದ ಮೇಲೆ ಅದೇ ನಕ್ಷೆ ಹಿಡಿದು, ಸುತ್ತು ಹಾಕಿದ ಜಾಗಗಳಿಗೆ ಹಗಲಲ್ಲಿ ಗಾರ್ಡ್ ಜೊತೆ ಹೋಗಿ ನೋಡಿ ಬನ್ನಿ.